ಕೆಡದ ಕಾರು, ಕೆಟ್ಟರೂ ನಡೆಯುವ ಕಾರು

ಎರಡು ಯಂತ್ರಗಳನ್ನು ಒಂದರ ಪಕ್ಕದಲ್ಲೊಂದು ನಿಲ್ಲಿಸಿ, ಯಾವುದು ಮೇಲು ಎಂದು ತೀರ್ಮಾನಿಸುವುದು ಮೇಲ್ನೋಟಕ್ಕೆ ಬಹು ಸುಲಭವಾದ ಕೆಲಸ. ಯಾವುದು ಹೆಚ್ಚು ವೇಗವಾಗಿ ಓಡುತ್ತದೆ, ಯಾವುದಕ್ಕೆ ಹೆಚ್ಚು ಬಲವಿದೆ, ಯಾವುದು ಹೆಚ್ಚು ಕಾಲ ಬಾಳುತ್ತದೆ ಎಂದು ಅಳೆದು ಬರೆದಿಟ್ಟರೆ ಆಯಿತು; ಅಂಕಿಗಳೇ ತೀರ್ಪು ನುಡಿಯುತ್ತವೆ. ಆದರೆ ಇಂಥ ತೀರ್ಪನ್ನು ರೈತನ ಮುಂದಿಟ್ಟರೆ ಅವನು ನಕ್ಕಾನು. ಕುದುರೆ ಎತ್ತಿಗಿಂತ ವೇಗವಾಗಿ ಓಡುತ್ತದೆಂಬುದು ಅವನಿಗೆ ತಿಳಿಯದ ಸಂಗತಿಯಲ್ಲ. ಆದರೂ ಅವನು ತನ್ನ ಕೊಟ್ಟಿಗೆಯಲ್ಲಿ ಕಟ್ಟುವುದು ಎತ್ತನ್ನೇ. ಕೆಸರುಗದ್ದೆಯಲ್ಲಿ ನೊಗ ಹೊತ್ತು ನಡೆಯಬೇಕಾದ ಕೆಲಸಕ್ಕೆ ಕುದುರೆಯ ಓಟದಿಂದ ಆಗುವ ಪ್ರಯೋಜನವೇನು?

ಮೋಟಾರು ಕಾರಿನ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತುವ ಎರಡು ಕಾರುಗಳಿವೆ. ಒಂದು, ಇಂಗ್ಲೆಂಡಿನ ರೋಲ್ಸ್-ರಾಯ್ಸ್ ಕಂಪನಿ ನಿರ್ಮಿಸಿದ ‘ಸಿಲ್ವರ್ ಗೋಸ್ಟ್’. ಇನ್ನೊಂದು, ಅಮೆರಿಕದ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’. ಎರಡೂ ಹೆಚ್ಚು ಕಡಿಮೆ ಒಂದೇ ಕಾಲದವು. ಮೊದಲನೆಯದು 1906ರ ನವೆಂಬರಿನಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದಿತು; ಎರಡನೆಯದು 1908ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದಿತು. ಒಂದರ ತಯಾರಿಕೆ 1926ರಲ್ಲಿಯೂ ಇನ್ನೊಂದರ ತಯಾರಿಕೆ 1927ರಲ್ಲಿಯೂ ಮುಗಿದುವು. ಈ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಸಿಲ್ವರ್ ಗೋಸ್ಟ್ ಕಾರುಗಳು ತಯಾರಾದದ್ದು ಎಂಟು ಸಾವಿರಕ್ಕಿಂತ ಕಡಿಮೆ. ಮಾಡೆಲ್ ಟಿ ಕಾರುಗಳು ತಯಾರಾದದ್ದು ಒಂದೂವರೆ ಕೋಟಿ.

ಸ್ವಾರಸ್ಯವೆಂದರೆ, ಈ ಕಾರುಗಳ ನಿರ್ಮಾತೃಗಳಿಬ್ಬರೂ ಹುಟ್ಟಿದ್ದು ಒಂದೇ ವರ್ಷ, 1863ರಲ್ಲಿ. ಶ್ರೀಮಂತರ ಕಾರನ್ನು ಮಾಡಿದವನು ಶ್ರೀಮಂತನಾಗಿರಬೇಕು, ಬಡವರ ಕಾರನ್ನು ಮಾಡಿದವನು ಬಡವನಾಗಿರಬೇಕು ಎಂದು ಯಾರಾದರೂ ಊಹಿಸಿದರೆ ಆ ಊಹೆ ತಲೆಕೆಳಗಾಗುತ್ತದೆ. ಹೆನ್ರಿ ರಾಯ್ಸ್ ದಿವಾಳಿಯಾದ ಗಿರಣಿಗಾರನೊಬ್ಬನ ಮಗ. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಲಂಡನ್ನಿನ ಬೀದಿಗಳಲ್ಲಿ ವೃತ್ತಪತ್ರಿಕೆ ಮಾರಿ, ಮನೆಮನೆಗೆ ತಂತಿ ಹಂಚಿ ಹೊಟ್ಟೆ ಹೊರೆದವನು. ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದರೂ ಶುಲ್ಕಕ್ಕೆ ಹಣವಿಲ್ಲದೆ ಅದನ್ನು ನಡುವೆಯೇ ಬಿಡಬೇಕಾಯಿತು. ಹೆನ್ರಿ ಫೋರ್ಡ್ ಹಾಗಲ್ಲ. ಮಿಷಿಗನ್ ಪ್ರಾಂತ್ಯದಲ್ಲಿ ಸ್ವಂತ ಹೊಲ ಮನೆಗಳಿದ್ದ, ಉಂಡುಟ್ಟು ಸುಖವಾಗಿದ್ದ ಒಕ್ಕಲಿನ ಕುಟುಂಬ ಅವನದು. ಆದರೆ ಹೊಲದ ದುಡಿಮೆಯ ನೀರಸತೆಯನ್ನೂ ಪೇಟೆಯಿಂದ ದೂರವಾದ ಬಾಳಿನ ಏಕಾಂತವನ್ನೂ ಅವನು ಕಣ್ಣಾರೆ ಕಂಡಿದ್ದನು. ರಾಯ್ಸ್ ಬಡತನದಿಂದ ಕಲಿತದ್ದು ಕೆಲಸದಲ್ಲಿ ಎಳ್ಳಷ್ಟೂ ಲೋಪ ಸೈರಿಸದ ಹಟವನ್ನು. ಫೋರ್ಡ್ ಹಳ್ಳಿಯಿಂದ ಕಲಿತದ್ದು ಹಳ್ಳಿಯವನಿಗೆ ಏನು ಬೇಕೆಂಬುದನ್ನು.

ಮ್ಯಾಂಚೆಸ್ಟರಿನಲ್ಲಿ ವಿದ್ಯುತ್ ಸಲಕರಣೆಗಳ ಕಾರ್ಖಾನೆ ನಡೆಸುತ್ತಿದ್ದ ರಾಯ್ಸ್, ಫ್ರಾನ್ಸಿನಲ್ಲಿ ತಯಾರಾದ ಹಳೆಯ ಕಾರೊಂದನ್ನು ಕೊಂಡನು. ಅದರ ಸದ್ದೂ ಅದರ ಒರಟುತನವೂ ಅವನಿಗೆ ಹಿಡಿಸಲಿಲ್ಲ. ಇದಕ್ಕಿಂತ ಮೇಲಾದುದನ್ನು ತಾನೇ ಮಾಡಬಹುದೆಂದು ಹೊರಟು 1904ರಲ್ಲಿ ಮೊದಲನೆಯ ಕಾರನ್ನು ಓಡಿಸಿದನು. ಅದೇ ವರ್ಷ, ಲಂಡನ್ನಿನಲ್ಲಿ ಕಾರುಗಳನ್ನು ಮಾರುತ್ತಿದ್ದ ಸಿರಿವಂತ ಮನೆತನದ ಚಾರ್ಲ್ಸ್ ರೋಲ್ಸ್ ಅವನನ್ನು ಭೇಟಿಯಾದನು. ಮಾಡುವವನಿಗೆ ಮಾರುವವನು ದೊರಕಿದನು.

ಸಿಲ್ವರ್ ಗೋಸ್ಟ್ ಕಾರಿಗೆ ಆರು ಸಿಲಿಂಡರುಗಳು. ಅವುಗಳ ಒಟ್ಟು ಗಾತ್ರ ಏಳು ಲೀಟರಿಗೂ ಮಿಗಿಲು. ಆರಂಭದಲ್ಲಿ ಸುಮಾರು 48 ಅಶ್ವಸಾಮರ್ಥ್ಯ. ಆರು ಸಿಲಿಂಡರಿನ ಎಂಜಿನ್ನು ಆಗ ಹೊಸದೇನಾಗಿರಲಿಲ್ಲ. ಆದರೆ ಅಂಥ ಎಂಜಿನ್ನಿನ ಉದ್ದವಾದ ಕ್ರಾಂಕ್ ದಂಡವು ವೇಗವಾಗಿ ತಿರುಗುವಾಗ ಹುರಿಗೊಂಡು ನಡುಗುತ್ತಿತ್ತು. ಎಷ್ಟೋ ಸಲ ಮುರಿದೇ ಹೋಗುತ್ತಿತ್ತು. ರಾಯ್ಸ್ ಆ ದಂಡವನ್ನು ದಪ್ಪಗೊಳಿಸಿದನು, ಏಳು ಬೇರಿಂಗುಗಳ ಮೇಲೆ ಕೂರಿಸಿದನು, ಅವುಗಳಿಗೆಲ್ಲ ಒತ್ತಡದಿಂದ ಎಣ್ಣೆ ಹರಿಯುವಂತೆ ಮಾಡಿದನು. ಇದರ ಫಲವೇ ಆ ಕಾರಿನ ಹೆಸರುವಾಸಿಯಾದ ನಿಶ್ಶಬ್ದ. ಎಂಜಿನ್ನು ಓಡುತ್ತಿರುವಾಗ ರೇಡಿಯೇಟರಿನ ಮುಚ್ಚಳದ ಮೇಲೆ ನಾಣ್ಯವೊಂದನ್ನು ಅಂಚಿನ ಮೇಲೆ ನಿಲ್ಲಿಸಿ, ಅದು ಬೀಳುವುದಿಲ್ಲವೆಂದು ತೋರಿಸುವುದು ಕಂಪನಿಯವರ ಪರಿಪಾಠವಾಗಿತ್ತು. ಕಾರುಗಳ ಪೈಕಿ ಒಂದಕ್ಕೆ ಬೆಳ್ಳಿಯ ಬಣ್ಣ ಬಳಿದು, ಸದ್ದಿಲ್ಲದೆ ಸುಳಿಯುವ ಅದರ ಗುಣಕ್ಕೆ ತಕ್ಕಂತೆ ‘ಬೆಳ್ಳಿಯ ಭೂತ’ ಎಂದು ಹೆಸರಿಟ್ಟರು. ಮುಂದೆ ಆ ಹೆಸರು ಇಡೀ ಮಾದರಿಗೇ ಅಂಟಿಕೊಂಡಿತು.

1907ರಲ್ಲಿ ಆ ಬೆಳ್ಳಿಯ ಬಣ್ಣದ ಕಾರನ್ನು ಒಂದು ಕಠಿಣ ಪರೀಕ್ಷೆಗೆ ಒಡ್ಡಲಾಯಿತು. ಇಂಗ್ಲೆಂಡಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಪರೀಕ್ಷಕರು ಜೊತೆಯಲ್ಲಿ ಕುಳಿತಿರಲು, ಅದು ಹಗಲು ರಾತ್ರಿ ಓಡಬೇಕು. ಭಾನುವಾರ ಮಾತ್ರ ವಿಶ್ರಾಂತಿ. ಲಂಡನ್ನಿಗೂ ಗ್ಲಾಸ್ಗೊಗೂ ನಡುವೆ ಇಪ್ಪತ್ತೇಳು ಸಲ ಅದು ಓಡಾಡಿತು. ಆರಂಭದ ದಿನಗಳಲ್ಲಿ ಒಮ್ಮೆ, ಪೆಟ್ರೋಲಿನ ಕೊಳವೆಯ ತಿರುಪು ಕುಲುಕಾಟಕ್ಕೆ ತಾನಾಗಿ ಮುಚ್ಚಿಕೊಂಡು ಕಾರು ಒಂದು ನಿಮಿಷ ನಿಂತಿತು. ಆ ಬಳಿಕ 14,371 ಮೈಲಿಗಳವರೆಗೆ, ಎಂದರೆ 23,000 ಕಿಲೋಮೀಟರುಗಳಿಗೂ ಹೆಚ್ಚು ದೂರ, ಟೈರುಗಳ ತೊಂದರೆಯ ಹೊರತು ಮತ್ತಾವ ಕಾರಣಕ್ಕೂ ಅದು ತಾನಾಗಿ ನಿಲ್ಲಲಿಲ್ಲ. 15,000 ಮೈಲಿ ಮುಗಿದ ಮೇಲೆ ಎಂಜಿನ್ನನ್ನು ಕಳಚಿ ಒಂದೊಂದು ಭಾಗವನ್ನೂ ಅಳೆದು ನೋಡಿದರು. ಸವೆದ ಭಾಗಗಳನ್ನು ಬದಲಿಸಲು ತಗುಲಿದ ವೆಚ್ಚ ಎರಡು ಪೌಂಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕಾರೆಂದರೆ ಮನೆಯಿಂದ ಹೊರಟು ದಾರಿಯಲ್ಲಿ ಕೆಟ್ಟು ನಿಲ್ಲುವ ವಸ್ತು ಎಂದು ಜನ ನಗುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯ ಸಾಧನೆಯಲ್ಲ.

ಈ ಜಾತಿಯ ಕಾರು ಭಾರತದಲ್ಲಿಯೂ ತನ್ನ ಬಲವನ್ನು ತೋರಿಸಿತು. 1908ರಲ್ಲಿ ಮುಂಬಯಿಯಿಂದ ನಮ್ಮ ನಾಡಿನ ಗಡಿಗೆ ಸಮೀಪವಾದ ಕೊಲ್ಹಾಪುರದವರೆಗೆ, ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿ ಇಳಿಯುವ ಪರೀಕ್ಷೆಯೊಂದು ಏರ್ಪಟ್ಟಿತ್ತು. ಅಲ್ಲಿ ಗೆದ್ದ ರೋಲ್ಸ್-ರಾಯ್ಸ್ ಕಾರನ್ನು ಗ್ವಾಲಿಯರಿನ ಮಹಾರಾಜರು ಕೊಂಡುಕೊಂಡರು. ಭಾರತದ ಅರಸರಿಗೂ ಈ ಕಂಪನಿಗೂ ನಡುವೆ ಬೆಳೆದ ದೀರ್ಘವಾದ ನಂಟು ಇಂಥ ಘಟ್ಟದ ದಾರಿಗಳಲ್ಲಿ ಕುದುರಿದ್ದು.

ಅಂಕಿಗಳನ್ನು ಮೆಚ್ಚುವವರಿಗೆ ಇನ್ನೊಂದು ದೃಷ್ಟಾಂತವೂ ಇದೆ. 1911ರಲ್ಲಿ ಒಂದು ಸಿಲ್ವರ್ ಗೋಸ್ಟ್ ಲಂಡನ್ನಿನಿಂದ ಎಡಿನ್‌ಬರೊಗೆ, ಗೇರನ್ನು ಒಮ್ಮೆಯೂ ಬದಲಿಸದೆ, ಟಾಪ್ ಗೇರಿನಲ್ಲಿಯೇ ಹೋಗಿ ಬಂದಿತು. ಲೀಟರು ಪೆಟ್ರೋಲಿಗೆ ಎಂಟೂವರೆ ಕಿಲೋಮೀಟರು ಓಡಿತು. ಅದೇ ಕಾರು ಬ್ರೂಕ್‌ಲ್ಯಾಂಡ್ಸ್ ಓಟದ ಪಥದಲ್ಲಿ ಗಂಟೆಗೆ 125 ಕಿಲೋಮೀಟರು ವೇಗವನ್ನು ಮುಟ್ಟಿತು. ಇಷ್ಟು ದೊಡ್ಡ ಎಂಜಿನ್ನು ಇಷ್ಟು ಕಡಿಮೆ ಪೆಟ್ರೋಲು ಕುಡಿಯಿತೆಂಬುದು ಆಶ್ಚರ್ಯವೇ. ಆದರೆ ಇದು ನುರಿತ ಚಾಲಕನು ಸಾಣೆ ಹಿಡಿದ ಕಾರಿನಿಂದ ಪಡೆದ ಫಲ. ದಿನನಿತ್ಯದ ಓಡಾಟದ ಲೆಕ್ಕವಲ್ಲ. ಟಾಪ್ ಗೇರಿನ ಈ ಮೋಹಕ್ಕೆ ಕಂಪನಿ ಬೆಲೆಯನ್ನೂ ತೆರಬೇಕಾಯಿತು. ಗೇರು ಬದಲಿಸುವುದು ಗಿರಾಕಿಗಳಿಗೆ ಬೇಸರವೆಂದು ಗೇರುಗಳ ಸಂಖ್ಯೆಯನ್ನು ನಾಲ್ಕರಿಂದ ಮೂರಕ್ಕೆ ಇಳಿಸಿದ್ದರು. 1912ರಲ್ಲಿ ಆಲ್ಪ್ಸ್ ಪರ್ವತಗಳ ಪರೀಕ್ಷೆಯಲ್ಲಿ, ಆಸ್ಟ್ರಿಯದ ಕಾಟ್ಷ್‌ಬೆರ್ಗ್ ಘಟ್ಟದ ಕಡಿದಾದ ಏರಿನಲ್ಲಿ, ಅಂಥ ಕಾರೊಂದು ತುಂಬಿದ ಭಾರವನ್ನು ಎಳೆಯಲಾರದೆ ನಿಂತೇಬಿಟ್ಟಿತು. ಕುಳಿತಿದ್ದವರಲ್ಲಿ ಕೆಲವರು ಇಳಿಯಬೇಕಾಯಿತು. ಮರುವರ್ಷ ನಾಲ್ಕು ಗೇರಿನ ಕಾರುಗಳೊಡನೆ ಹಿಂದಿರುಗಿ ಕಂಪನಿಯವರು ಕೀರ್ತಿಯನ್ನು ಮರಳಿ ಗಳಿಸಿದರು.

ಈ ಗುಣಗಳಿಗೆಲ್ಲ ಬೆಲೆ ಏನು? ಸಿಲ್ವರ್ ಗೋಸ್ಟ್ ಕೊಳ್ಳಹೋದವನಿಗೆ ಕಂಪನಿ ಕೊಡುತ್ತಿದ್ದುದು ಎಂಜಿನ್ನು, ಗಾಲಿ, ಚೌಕಟ್ಟುಗಳನ್ನು ಮಾತ್ರ. ಅಷ್ಟಕ್ಕೇ ಸಾವಿರ ಪೌಂಡಿಗೆ ಸಮೀಪ. ಮೇಲಿನ ಒಡಲನ್ನು ಕೊಂಡವನೇ ಸಾರೋಟು ಕಟ್ಟುವ ಕುಶಲಿಗಳಿಂದ ಬೇರೆ ಹಣ ತೆತ್ತು ಮಾಡಿಸಿಕೊಳ್ಳಬೇಕು. ಓಡಿಸಲು ಸಂಬಳದ ಚಾಲಕ ಬೇಕು. ಆ ಚಾಲಕರಿಗಾಗಿ ಕಂಪನಿ ತಾನೇ ಒಂದು ತರಬೇತಿ ಶಾಲೆಯನ್ನು ನಡೆಸುತ್ತಿತ್ತು. ಇಡಲು ಒಳ್ಳೆಯ ಮನೆ, ತೊಳೆಯಲು ಆಳು, ಹೀಗೆ ಒಂದು ಕಾರಿನ ಹಿಂದೆ ಒಂದು ಸಂಸಾರವೇ ಬೇಕು. ಇವೆಲ್ಲ ಇರುವವನಿಗೆ ಅದಕ್ಕಿಂತ ಅನುಕೂಲವಾದ ವಾಹನ ಮತ್ತೊಂದಿಲ್ಲ. ಇಲ್ಲದವನಿಗೆ ಅದು ಬೀದಿಯಲ್ಲಿ ಹಾದುಹೋಗುವ ನೋಟ ಮಾತ್ರ.

ಇನ್ನು ಮಾಡೆಲ್ ಟಿ ಹುಟ್ಟಿದ ನಾಡಿನ ಸ್ಥಿತಿಯನ್ನು ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಹಳ್ಳಿಗಾಡಿನ ರಸ್ತೆಗಳಲ್ಲಿ ಹತ್ತರಲ್ಲೊಂದು ಪಾಲಿಗೂ ಕಲ್ಲು ಜಲ್ಲಿ ಬಿದ್ದಿರಲಿಲ್ಲ. ಮಳೆ ಬಂದರೆ ಮೊಣಕಾಲುದ್ದ ಕೆಸರು, ಒಣಗಿದರೆ ಗಾಡಿಯ ಜಾಡಿನ ಆಳವಾದ ಕೊರಕಲು. ಒಂದು ಮನೆಗೂ ಇನ್ನೊಂದು ಮನೆಗೂ ಮೈಲಿಗಟ್ಟಲೆ ಅಂತರ. ವೈದ್ಯನನ್ನು ಕರೆತರಬೇಕಾದರೆ ಕುದುರೆಯ ಮೇಲೆ ಹೋಗಿ ಕುದುರೆಯ ಮೇಲೆಯೇ ಬರಬೇಕು. ಅಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು, ಕೆಲವು ವೇಳೆ ರೋಗಿಯ ಬಾಳೂ ಮುಳುಗಿರುತ್ತಿತ್ತು. ಆ ದೇಶದಲ್ಲಿ ಮೋಟಾರನ್ನು ಮೊದಮೊದಲು ಕೊಂಡವರಲ್ಲಿ ಹಳ್ಳಿಗಾಡಿನ ವೈದ್ಯರೂ ಇದ್ದರೆಂಬುದು ಅಚ್ಚರಿಯ ಮಾತಲ್ಲ.

ಇಂಥ ದಾರಿಗೆ ಫೋರ್ಡ್ ಮಾಡಿದ ಕಾರು ಹಗುರವಾಗಿರಬೇಕಿತ್ತು, ಗಟ್ಟಿಯಾಗಿರಬೇಕಿತ್ತು, ನೆಲದಿಂದ ಎತ್ತರವಾಗಿರಬೇಕಿತ್ತು. ವೆನೇಡಿಯಮ್ ಬೆರೆಸಿದ ಬಲವಾದ ಉಕ್ಕನ್ನು ಬಳಸಿ ಅವನು ಈ ಮೂರನ್ನೂ ಸಾಧಿಸಿದನು. ಕಾರಿನ ತೂಕ ಸುಮಾರು 540 ಕಿಲೋಗ್ರಾಮು; ಕೆಸರಿನಲ್ಲಿ ಹೂತರೆ ನಾಲ್ಕು ಜನ ಎತ್ತಿ ದಡಕ್ಕಿಡಬಹುದು. ನಾಲ್ಕು ಸಿಲಿಂಡರು, 20 ಅಶ್ವಸಾಮರ್ಥ್ಯ, ಗಂಟೆಗೆ ಹೆಚ್ಚೆಂದರೆ 65 ರಿಂದ 70 ಕಿಲೋಮೀಟರು. ಪೆಟ್ರೋಲು ಲೀಟರಿಗೆ ಆರರಿಂದ ಒಂಬತ್ತು ಕಿಲೋಮೀಟರಿಗೆ ಬರುತ್ತಿತ್ತು. ಅಂಕಿಗಳ ಪಂದ್ಯದಲ್ಲಿ ಅದು ಸಿಲ್ವರ್ ಗೋಸ್ಟಿನ ಧೂಳನ್ನೂ ಮುಟ್ಟಲಾರದು.

ಅದನ್ನು ಓಡಿಸುವುದೂ ಒಂದು ಸಾಹಸವೇ. ವೇಗವನ್ನು ಏರಿಸಿ ಇಳಿಸುವುದು ಕಾಲಿನಿಂದಲ್ಲ, ಸ್ಟಿಯರಿಂಗಿನ ಕೆಳಗಿನ ಸನ್ನೆಯಿಂದ. ಕಾಲಿಗೆ ಮೂರು ಪೆಡಲುಗಳು: ಎಡಗಡೆಯದನ್ನು ಒತ್ತಿದರೆ ನಿಧಾನದ ಗೇರು, ಬಿಟ್ಟರೆ ವೇಗದ ಗೇರು, ನಡುವಿನದು ಹಿಂದಕ್ಕೆ ಚಲಿಸಲು, ಬಲಗಡೆಯದು ಬ್ರೇಕು. ಇಂದಿನ ನುರಿತ ಚಾಲಕನೂ ಇದರ ಮೇಲೆ ಕುಳಿತರೆ ತಬ್ಬಿಬ್ಬಾಗುವುದು ಖಂಡಿತ. ಆದರೆ ಹಲ್ಲು ಕಡಿಯುವಂಥ ಸದ್ದು ಮಾಡುವ ಗೇರುಗಳನ್ನು ಕೂಡಿಸುವ ಕಷ್ಟ ಇಲ್ಲಿರಲಿಲ್ಲ. ಕುದುರೆಗಾಡಿ ಬಿಟ್ಟು ಬಂದವನು ಒಂದೆರಡು ದಿನಗಳಲ್ಲಿ ಇದನ್ನು ಕಲಿಯಬಲ್ಲವನಾಗಿದ್ದನು. ಚಲಾಯಿಸುವ ಮೊದಲು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ಎಂಜಿನ್ನು ಹಿಂದಕ್ಕೆ ಒದೆದು ಕೈಮುರಿದುಕೊಂಡವರು ಅನೇಕರು. ಚಳಿಯಲ್ಲಿ ಒಳಗಿನ ಎಣ್ಣೆ ಗಟ್ಟಿಯಾಗಿ, ಎಂಜಿನ್ನು ಹೊತ್ತಿಕೊಂಡ ಕೂಡಲೆ ಕಾರು ಮುಂದೆ ನಿಂತವನ ಮೇಲೆಯೇ ಮೆಲ್ಲಗೆ ಬರುತ್ತಿದ್ದುದೂ ಉಂಟು. ಅದಕ್ಕಾಗಿ ಹಿಂದಿನ ಗಾಲಿಯೊಂದಕ್ಕೆ ಜಾಕ್ ಕೊಟ್ಟು ಎತ್ತಿಡುತ್ತಿದ್ದರು. ಪೆಟ್ರೋಲಿನ ತೊಟ್ಟಿ ಆಸನದ ಅಡಿಯಲ್ಲಿ. ಎಷ್ಟು ಉಳಿದಿದೆಯೆಂದು ತಿಳಿಯಲು ದಿಂಬನ್ನು ಎತ್ತಿ ಕೋಲು ಇಳಿಬಿಡಬೇಕು. ಪೆಟ್ರೋಲು ತನ್ನ ಭಾರದಿಂದಲೇ ಎಂಜಿನ್ನಿಗೆ ಹರಿಯಬೇಕಾದ್ದರಿಂದ, ತೊಟ್ಟಿಯಲ್ಲಿ ಕಡಿಮೆಯಿದ್ದಾಗ ಕಡಿದಾದ ದಿಣ್ಣೆ ಎದುರಾದರೆ ಎಂಜಿನ್ನು ಬಾಯಾರಿ ನಿಲ್ಲುತ್ತಿತ್ತು. ಆಗ ಅನುಭವಸ್ಥರು ಮಾಡುತ್ತಿದ್ದ ಉಪಾಯವೆಂದರೆ ಕಾರನ್ನು ತಿರುಗಿಸಿ ಹಿಮ್ಮುಖವಾಗಿ ದಿಣ್ಣೆ ಹತ್ತಿಸುವುದು! ರೋಲ್ಸ್-ರಾಯ್ಸ್ ಕಾರು ಕಾಟ್ಷ್‌ಬೆರ್ಗಿನಲ್ಲಿ ಮರ್ಯಾದೆಯಿಂದ ನಿಂತಿತು; ಫೋರ್ಡ್ ಕಾರು ಮರ್ಯಾದೆಯನ್ನು ಬದಿಗಿಟ್ಟು ಬೆನ್ನು ಮಾಡಿ ಹತ್ತಿತು.

ಆದರೆ ಅದರ ನಿಜವಾದ ಗುಣ ಕಾಣುವುದು ಅದು ಕೆಟ್ಟು ನಿಂತಾಗ. ಸಿಲಿಂಡರುಗಳ ಮೇಲಿನ ಮುಚ್ಚಳವನ್ನು ಪ್ರತ್ಯೇಕವಾಗಿ ಮಾಡಿ ಬೋಲ್ಟುಗಳಿಂದ ಬಿಗಿದಿದ್ದರು. ಅವನ್ನು ಬಿಚ್ಚಿದರೆ ಎಂಜಿನ್ನಿನ ಒಳಭಾಗವೆಲ್ಲ ಕಣ್ಣ ಮುಂದೆ. ಮಸಿ ಕೆರೆದು, ಕವಾಟಗಳನ್ನು ಉಜ್ಜಿ, ಮತ್ತೆ ಮುಚ್ಚಬಹುದು. ರಾಯ್ಸ್ ಮಾಡಿದ ಎಂಜಿನ್ನಿನಲ್ಲಿ ಮುಚ್ಚಳವೂ ಸಿಲಿಂಡರೂ ಒಂದೇ ಎರಕದವು. ಸೋರುವ ಸಂದಿಯೇ ಬೇಡವೆಂಬುದು ಇಂಥ ರಚನೆಯ ಹಿಂದಿನ ತರ್ಕ. ಈ ಒಂದು ವ್ಯತ್ಯಾಸದಲ್ಲಿ ಎರಡು ಕಾರುಗಳ ಜಾಯಮಾನವೇ ಅಡಗಿದೆ. ಒಂದು, ಬಿಚ್ಚುವ ಅಗತ್ಯವೇ ಬಾರದಂತೆ ಕಟ್ಟಿದ್ದು. ಇನ್ನೊಂದು, ಬಿಚ್ಚಲೆಂದೇ ಕಟ್ಟಿದ್ದು. ಫೋರ್ಡ್ ಕಾರಿನ ಮಾಲೀಕನ ಬಳಿ ಸುತ್ತಿಗೆ, ಸ್ಪ್ಯಾನರು, ತಿರುಪುಳಿ, ಬೇಲಿಯ ತಂತಿಯ ಒಂದು ಸುರುಳಿ, ಇಷ್ಟಿದ್ದರೆ ಬಹುಪಾಲು ರೋಗಗಳಿಗೆ ಮದ್ದು ಸಿಕ್ಕಂತೆ. ಉಳಿದವುಗಳಿಗೆ ಊರಿನ ಕಮ್ಮಾರನಿದ್ದಾನೆ. ಬಿಡಿಭಾಗಗಳು ಅಂಗಡಿಗಳಲ್ಲಿಯೂ ಅಂಚೆಯ ಮೂಲಕವೂ ದೊರೆಯುತ್ತಿದ್ದುವು. ಒಂದು ಕಾರಿನ ಭಾಗ ಇನ್ನೊಂದಕ್ಕೆ ಉಜ್ಜದೆ ತಿದ್ದದೆ ಕೂರುತ್ತಿತ್ತು.

ಅಷ್ಟೇ ಅಲ್ಲ, ರೈತರು ಈ ಕಾರಿಗೆ ಫೋರ್ಡ್ ಹೇಳದ ಕೆಲಸಗಳನ್ನೂ ಕಲಿಸಿದರು. ಹಿಂದಿನ ಗಾಲಿಯನ್ನು ಎತ್ತಿ ನಿಲ್ಲಿಸಿ ಅದಕ್ಕೆ ಬೆಲ್ಟು ತೊಡಿಸಿ ಮರ ಕೊಯ್ದರು, ಬಾವಿಯಿಂದ ನೀರೆತ್ತಿದರು, ಕಾಳು ಬೀಸಿದರು. ಭಾನುವಾರ ಚರ್ಚಿಗೆ ಹೋದ ಕಾರೇ ಸೋಮವಾರ ಕಣದಲ್ಲಿ ದುಡಿಯುತ್ತಿತ್ತು. ಕೆಲಸ ಮುಗಿದ ಮೇಲೆ ಬೆಲ್ಟು ಕಳಚಿ ಸಂತೆಗೆ ಹೊರಡುತ್ತಿತ್ತು. ‘ಕಾರ್ಯಸಾಮರ್ಥ್ಯ’ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ಯಾವ ಓಟದ ಪಥವೂ ಕೊಡಲಾರದು.

ಎರಡು ಕಾರುಗಳ ಸ್ವಭಾವವನ್ನು ಹೋಲಿಸಲು 1907ರ ಸ್ಕಾಟ್ಲೆಂಡಿನ ದಾರಿಯ ಪಕ್ಕದಲ್ಲಿ 1909ರ ಅಮೆರಿಕದ ಪಂದ್ಯವೊಂದನ್ನು ಇಟ್ಟು ನೋಡುವುದು ಒಳ್ಳೆಯದು. ಆ ವರ್ಷ ಜೂನ್ 1ರಂದು ನ್ಯೂಯಾರ್ಕಿನಿಂದ, ಪಶ್ಚಿಮದ ಕಡಲ ತೀರದ ಸಿಯಾಟಲ್ ನಗರಕ್ಕೆ ಒಂದು ಓಟ ಆರಂಭವಾಯಿತು. ದೂರ 6,000 ಕಿಲೋಮೀಟರಿಗೂ ಹೆಚ್ಚು. ನಡುವೆ ರಸ್ತೆಗಳೇ ಇಲ್ಲದ ಬಯಲು, ಮರುಭೂಮಿ, ಹಿಮದ ಕಣಿವೆ. ಎರಡು ಮಾಡೆಲ್ ಟಿ ಕಾರುಗಳು ತಮಗಿಂತ ಭಾರವಾದ, ಬೆಲೆ ಬಾಳುವ ಕಾರುಗಳೊಡನೆ ಹೊರಟವು. ಇಪ್ಪತ್ತೆರಡು ದಿನಗಳ ತರುವಾಯ ಸಿಯಾಟಲನ್ನು ಮೊದಲು ಮುಟ್ಟಿದ್ದು ಒಂದು ಮಾಡೆಲ್ ಟಿ. ಫೋರ್ಡ್ ಕಂಪನಿ ಆ ಗೆಲುವನ್ನು ದೇಶದ ಉದ್ದಗಲಕ್ಕೆ ಸಾರಿತು. ಆದರೆ ಕೆಲವು ತಿಂಗಳುಗಳ ಮೇಲೆ ಗುಟ್ಟು ಹೊರಬಿದ್ದಿತು: ದಾರಿಯಲ್ಲಿ ಆ ಕಾರಿನ ಎಂಜಿನ್ನನ್ನೇ ಬದಲಿಸಿದ್ದರು. ಅದು ನಿಯಮಕ್ಕೆ ವಿರುದ್ಧ. ಬಹುಮಾನ ಎರಡನೆಯದಾಗಿ ಬಂದ ಕಾರಿಗೆ ಹೋಯಿತು.

ನಿಯಮ ಮುರಿದದ್ದು ತಪ್ಪು. ಗೆಲುವನ್ನು ಕಸಿದುಕೊಂಡದ್ದು ನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ತಪ್ಪಿನಲ್ಲಿಯೇ ಒಂದು ಸತ್ಯ ಹೊಳೆಯುತ್ತದೆ. ಊರಿಂದ ನೂರಾರು ಮೈಲಿ ದೂರದ ದಾರಿಯಲ್ಲಿ ಒಂದು ಕಾರಿನ ಹೃದಯವನ್ನೇ ತೆಗೆದು ಬೇರೆ ಹೃದಯವನ್ನು ಇಟ್ಟು, ಮತ್ತೆ ಓಡಿಸಿ, ಉಳಿದೆಲ್ಲರಿಗಿಂತ ಮುಂಚೆ ಗುರಿ ಸೇರಿದರು. ‘ದಾರಿಯಲ್ಲಿ ಕೆಟ್ಟರೆ ಏನು ಮಾಡುವುದು?’ ಎಂದು ಕೇಳಿದರೆ ಸಿಲ್ವರ್ ಗೋಸ್ಟ್ ಕೊಡುವ ಉತ್ತರ ‘ಕೆಡುವುದಿಲ್ಲ’ ಎಂದು. ಮಾಡೆಲ್ ಟಿ ಕೊಡುವ ಉತ್ತರ ‘ಕೆಡುತ್ತೇನೆ, ನೀನೇ ರಿಪೇರಿ ಮಾಡಿಕೋ’ ಎಂದು. ಎರಡೂ ನಂಬಿಕೆಗೆ ಯೋಗ್ಯವಾದ ಉತ್ತರಗಳೇ. ಆದರೆ ಮೊದಲನೆಯ ಉತ್ತರವನ್ನು ಕೊಂಡುಕೊಳ್ಳಲು ಸಾವಿರ ಪೌಂಡು ಬೇಕು. ಮೇಲಾಗಿ, ಆ ಕಾರು ಕೆಟ್ಟದ್ದೇ ಆದರೆ ಮಾಲೀಕನು ಕೈಕಟ್ಟಿ ನಿಂತು ಕಂಪನಿಯ ಮಿಸ್ತ್ರಿಗಾಗಿ ಕಾಯಬೇಕು. ಎರಡನೆಯ ಕಾರಿನವನು ಕೋಟು ಬಿಚ್ಚಿ, ತೋಳು ಮಡಿಸಿ, ಕೆಳಗೆ ತೂರಿಕೊಳ್ಳುತ್ತಾನೆ. ತನ್ನ ವಾಹನದ ಒಳಗನ್ನು ತಾನು ಬಲ್ಲೆನೆಂಬ ಧೈರ್ಯವೂ ವಾಹನದ ಜೊತೆಗೇ ಅವನಿಗೆ ದೊರೆತಿರುತ್ತದೆ. ಸಾಮಾನ್ಯ ಜನರ ಬಾಳಿಗೆ ಈ ಎರಡನೆಯ ಬಗೆಯ ಭರವಸೆಯೇ ಹೆಚ್ಚಿನದು.

ಹೀಗೆಂದ ಮಾತ್ರಕ್ಕೆ ಸಿಲ್ವರ್ ಗೋಸ್ಟನ್ನು ಸಿರಿವಂತರ ಒಣಹೆಮ್ಮೆಯ ವಸ್ತುವೆಂದು ತಳ್ಳಿಹಾಕುವುದು ಅವಿಚಾರ. ಮೊದಲನೆಯ ಮಹಾಯುದ್ಧದಲ್ಲಿ ಅದೇ ಚೌಕಟ್ಟಿನ ಮೇಲೆ ಉಕ್ಕಿನ ಕವಚ ಹೊದಿಸಿ, ಮೆಷಿನ್ ಗನ್ನಿನ ಗೋಪುರ ಕೂರಿಸಿ, ಅರಬರ ಮರಳುಗಾಡಿಗೆ ಅಟ್ಟಿದರು. ಟನ್ನುಗಟ್ಟಲೆ ಹೆಚ್ಚಿನ ಭಾರವನ್ನು ಹೊತ್ತು, ಕಲ್ಲು ಮರಳುಗಳ ಮೇಲೆ ಅದು ಓಡಿತು. ರಷ್ಯದ ಕ್ರಾಂತಿಯ ನಾಯಕ ಲೆನಿನ್ ಬಳಸುತ್ತಿದ್ದ ಸಿಲ್ವರ್ ಗೋಸ್ಟ್ ಕಾರೊಂದಕ್ಕೆ ಹಿಂದಿನ ಗಾಲಿಗಳ ಸ್ಥಾನದಲ್ಲಿ ಪಟ್ಟಾಗಳನ್ನೂ ಮುಂದೆ ಹಿಮಜಾರುಗಳನ್ನೂ ಜೋಡಿಸಿ ಹಿಮದ ಮೇಲೆ ನಡೆಸುತ್ತಿದ್ದರು. ಅರಸರ ಮೆರವಣಿಗೆಗೆ ಹುಟ್ಟಿದ ಕಾರು ಅರಸೊತ್ತಿಗೆಯನ್ನು ಕಿತ್ತೊಗೆದವರ ಸೇವೆಯನ್ನೂ ಮಾಡಿತು! ಒಳ್ಳೆಯ ಕೆಲಸಗಾರಿಕೆಗೆ ಪಕ್ಷಪಾತವಿಲ್ಲ. ಮೊದಲ ‘ಬೆಳ್ಳಿಯ ಭೂತ’ವೇ ತನ್ನ ಆಯುಷ್ಯದಲ್ಲಿ ಐದು ಲಕ್ಷ ಮೈಲಿಗಳಿಗೂ ಹೆಚ್ಚು ಓಡಿದೆ. ಬೆಲೆಯನ್ನು ಮೈಲಿಗಳಿಂದ ಭಾಗಿಸಿದರೆ ಅದು ಅಷ್ಟೇನೂ ದುಬಾರಿಯಾಗಿ ತೋರದು. ಆದರೆ ಬಡವನ ಕಷ್ಟ ಇರುವುದು ಈ ಭಾಗಾಕಾರದಲ್ಲಲ್ಲ. ಮೊದಲ ದಿನವೇ ಎಣಿಸಿಕೊಡಬೇಕಾದ ಮೊತ್ತದಲ್ಲಿ.

ಆ ಮೊತ್ತದ ವಿಷಯದಲ್ಲಿಯೇ ಫೋರ್ಡ್ ಜಗತ್ತನ್ನು ಬದಲಾಯಿಸಿದನು. 1908ರಲ್ಲಿ ಮಾಡೆಲ್ ಟಿ ಬೆಲೆ 850 ಡಾಲರು. 1913ರಲ್ಲಿ ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲು ಬಂದಿತು. ಕೆಲಸಗಾರನು ಕಾರಿನ ಬಳಿಗೆ ಹೋಗುವ ಬದಲು ಕಾರೇ ಕೆಲಸಗಾರನ ಬಳಿಗೆ ಬರತೊಡಗಿತು. ಒಂದು ಚೌಕಟ್ಟನ್ನು ಜೋಡಿಸಲು ಹಿಡಿಯುತ್ತಿದ್ದ ಹನ್ನೆರಡೂವರೆ ಗಂಟೆಯ ಕಾಲ ಮರುವರ್ಷಕ್ಕೆ 93 ನಿಮಿಷಗಳಿಗೆ ಇಳಿಯಿತು. 1916ರಲ್ಲಿ ಕಾರಿನ ಬೆಲೆ 360 ಡಾಲರು. ಫೋರ್ಡ್ 1914ರಲ್ಲಿ ತನ್ನ ಕೆಲಸಗಾರರಿಗೆ ದಿನಕ್ಕೆ 5 ಡಾಲರು ಕೂಲಿಯನ್ನು ಘೋಷಿಸಿದ್ದನು. ಆ ಲೆಕ್ಕದಲ್ಲಿ ಕಾರಿನ ಬೆಲೆ ಅದನ್ನು ಮಾಡಿದವನ ಎಪ್ಪತ್ತೆರಡು ದಿನಗಳ ಕೂಲಿ. ರೋಲ್ಸ್-ರಾಯ್ಸ್ ಕಾರ್ಖಾನೆಯಲ್ಲಿ ಸುತ್ತಿಗೆ ಹಿಡಿದವನಾವನೂ ತಾನು ಮಾಡಿದ ಕಾರನ್ನು ಕೊಳ್ಳುವ ಕನಸನ್ನು ಕಂಡಿರಲಾರನು.

ಈ ಅಗ್ಗದ ಬೆಲೆಗೂ ಒಂದು ಬೆಲೆಯಿತ್ತೆಂಬುದನ್ನು ಮರೆಯುವಂತಿಲ್ಲ. ದಿನವೆಲ್ಲ ಒಂದೇ ಬೋಲ್ಟನ್ನು ತಿರುಗಿಸುವ ಕೆಲಸ ಮನುಷ್ಯನನ್ನು ಬಳಲಿಸಿತು. 1913ರಲ್ಲಿ ಸುಮಾರು 14,000 ಕೆಲಸಗಾರರನ್ನು ಉಳಿಸಿಕೊಳ್ಳಲು ಕಂಪನಿ 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಬಂದವರು ಬಂದಂತೆಯೇ ಬಿಟ್ಟು ಹೋಗುತ್ತಿದ್ದರು. ಐದು ಡಾಲರಿನ ಕೂಲಿ ಬಂದದ್ದು ಕೇವಲ ಔದಾರ್ಯದಿಂದಲ್ಲ. ಅದನ್ನು ಪಡೆಯಬೇಕಾದರೆ ಮನೆಮನೆಗೆ ಬಂದು ಕುಡಿತ, ಉಳಿತಾಯ, ಸಂಸಾರದ ರೀತಿನೀತಿಗಳನ್ನು ವಿಚಾರಿಸುವ ಕಂಪನಿಯ ವಿಚಾರಕರಿಗೆ ಒಪ್ಪಿಗೆಯಾಗಬೇಕಿತ್ತು. ಡರ್ಬಿಯಲ್ಲಿ ಒಂದೊಂದು ಭಾಗವನ್ನೂ ಮಾಡಿ ಹೊಂದಿಸುತ್ತಿದ್ದ ರೋಲ್ಸ್-ರಾಯ್ಸ್ ಕುಶಲಿಗೆ ತನ್ನ ಕೆಲಸದಲ್ಲಿ ದೊರೆಯುತ್ತಿದ್ದ ಅಭಿಮಾನ ಹೈಲ್ಯಾಂಡ್ ಪಾರ್ಕಿನ ಕೆಲಸಗಾರನಿಗೆ ದೊರೆಯಲಿಲ್ಲ. ಕಾರನ್ನು ಕೊಂಡವನ ಕೈಗೆ ಬಂದ ಸ್ವಾತಂತ್ರ್ಯ ಅದನ್ನು ಮಾಡಿದವನ ಕೈಯಿಂದ ಸ್ವಲ್ಪ ಮಟ್ಟಿಗೆ ಕಿತ್ತುಕೊಂಡದ್ದು.

ಇದಲ್ಲದೆ ಫೋರ್ಡ್ ತನ್ನ ಸೃಷ್ಟಿಯ ಮೋಹಕ್ಕೆ ತಾನೇ ಸಿಲುಕಿದನು. ಸಿಲ್ವರ್ ಗೋಸ್ಟ್ ಕಾಲಕ್ಕೆ ತಕ್ಕಂತೆ ಬದಲಾಯಿತು. ಅದಕ್ಕೆ ವಿದ್ಯುತ್ ಸ್ಟಾರ್ಟರೂ, 1924ರ ವೇಳೆಗೆ ನಾಲ್ಕು ಗಾಲಿಗಳಿಗೂ ಬ್ರೇಕುಗಳೂ ಬಂದುವು. ಮಾಡೆಲ್ ಟಿ ಕೊನೆಯವರೆಗೂ ಮುಂದಿನ ಗಾಲಿಗೆ ಬ್ರೇಕನ್ನು ಕಾಣಲಿಲ್ಲ. 1914ರಿಂದ 1925ರವರೆಗೆ ಅದಕ್ಕೆ ಕಪ್ಪಲ್ಲದೆ ಬೇರೆ ಬಣ್ಣವೇ ಇರಲಿಲ್ಲ. ಅಷ್ಟರಲ್ಲಿ ರಸ್ತೆಗಳು ಸುಧಾರಿಸಿದ್ದುವು. ಕೆಸರು ಇಲ್ಲದ ಮೇಲೆ ಕೆಸರಿಗಾಗಿ ಕಟ್ಟಿದ ಕಾರಿನ ಕುಲುಕಾಟವನ್ನು ಜನ ಸಹಿಸುವುದೇಕೆ? ಮೂರು ಗೇರಿನ, ನಯವಾದ, ಬಣ್ಣಬಣ್ಣದ ಷೆವ್ರೊಲೆ ಕಾರುಗಳ ಕಡೆಗೆ ಅವರು ತಿರುಗಿದರು. ಕೆಲಸ ಬದಲಾದಾಗ ಅದೇ ಯಂತ್ರದ ಸಾಮರ್ಥ್ಯವೂ ಕುಂದಿದಂತೆ ಕಾಣುತ್ತದೆ. ಒಂದು ಬೋಲ್ಟೂ ಸಡಿಲಗೊಂಡಿರುವುದಿಲ್ಲ.

1927ರ ಮೇ 26ರಂದು ಒಂದೂವರೆ ಕೋಟಿಯನೆಯ ಮಾಡೆಲ್ ಟಿ ಹೊರಬಂದಿತು. ಅದರ ತಯಾರಿಕೆಯನ್ನು ನಿಲ್ಲಿಸಿ, ಹೊಸ ಮಾದರಿಗಾಗಿ ಕಾರ್ಖಾನೆಯನ್ನು ಸುಮಾರು ಆರು ತಿಂಗಳು ಮುಚ್ಚಿದರು. ಆದರೆ ಒಂದು ವಿಭಾಗ ಮಾತ್ರ ಮುಚ್ಚಲಿಲ್ಲ. ಹಳೆಯ ಕಾರುಗಳನ್ನು ಓಡಿಸುತ್ತಿದ್ದ ಲಕ್ಷಾಂತರ ಜನರಿಗೆ ಬಿಡಿಭಾಗಗಳು ಬೇಕಾಗಿದ್ದುವು. ನೀರೆತ್ತಲು, ಮರ ಕೊಯ್ಯಲು ಎಂಜಿನ್ನುಗಳು ಬೇಕಾಗಿದ್ದುವು. ಮಾಡೆಲ್ ಟಿ ಕಾರಿನ ಕೊನೆಯ ಎಂಜಿನ್ನು ಫೋರ್ಡ್ ಕಾರ್ಖಾನೆಯಿಂದ ಹೊರಬಿದ್ದದ್ದು 1941ರ ಆಗಸ್ಟಿನಲ್ಲಿ, ಕಾರು ನಿಂತ ಹದಿನಾಲ್ಕು ವರ್ಷಗಳ ತರುವಾಯ.